ಹಳೆ ಇನ್ನೋವಾನಾ, ಹಳೆ ಎರ್ಟಿಗಾನಾ? ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದು

ನಮ್ಮದು ವಿಜಯಪುರ. ಮನೆಯಲ್ಲಿ ಏಳು ಜನ: ಅಪ್ಪ, ಅವ್ವ, ನಾವಿಬ್ಬರು, ಇಬ್ಬರು ಮಕ್ಕಳು, ಓದಲು ಬಂದಿರುವ ತಂಗಿಯ ಮಗ. ಐದು ಸೀಟಿನ ಕಾರು ಸಾಲುವುದಿಲ್ಲ, ಹೊಸ ಏಳು ಸೀಟಿನದರ ಬೆಲೆ ಕೇಳಿದರೆ ಹೋಗೋದೇ ಬೇಡ ಅನಿಸುತ್ತದೆ. ಕಡೆಗೆ ನಮ್ಮ ದುಡ್ಡಿಗೆ ಸಿಕ್ಕವು ಎರಡು: 2012ರ ಇನ್ನೋವಾ 2.5 ಡೀಸೆಲ್, 2014ರ ಎರ್ಟಿಗಾ 1.3 ಡೀಸೆಲ್. ಕೇಳಿದ ಬೆಲೆ ಹೆಚ್ಚುಕಡಿಮೆ ಒಂದೇ. ಅಂದರೆ ಇನ್ನೋವಾದ ಹೆಸರಿಗೆ ಎರಡು ವರ್ಷದ ವಯಸ್ಸನ್ನು ಬಿಟ್ಟುಕೊಡಬೇಕು.

ಬೇರೆಯವನ್ನು ನೋಡಲಿಲ್ಲ ಅಂತಲ್ಲ. ತವೇರಾ ಗಟ್ಟಿ ಗಾಡಿ, ಆದರೆ ಅದರ ಕಂಪನಿ ಶೆವರ್ಲೆ 2017ರಲ್ಲೇ ಇಲ್ಲಿ ಮಾರಾಟ ನಿಲ್ಲಿಸಿದೆ. ಬಿಡಿಭಾಗಕ್ಕೆ ಅಲೆಯುವ ಆಸೆ ನನಗಿಲ್ಲ. ಈಕೋ ಅಗ್ಗ, ರಿಪೇರಿಯೂ ಸುಲಭ. ಆದರೆ ನಾವು ನೋಡಿದ ಏಳು ಸೀಟಿನದರಲ್ಲಿ ಎಸಿ ಇಲ್ಲ, ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ನಮ್ಮೂರ ಏಪ್ರಿಲ್‌ನಲ್ಲಿ ಅದು ಆಗದ ಮಾತು.

ಗಾಡಿ ನೋಡಲು ಹೋದವರೆಲ್ಲ ಮೊದಲು ಸ್ಟಿಯರಿಂಗ್ ಹಿಡಿಯುತ್ತಾರೆ. ನಾನು ಕೀಲಿಯನ್ನು ತಮ್ಮನಿಗೆ ಕೊಟ್ಟು ಕೊನೆಯ ಸಾಲಿಗೆ ಹೋದೆ. ಎರಡೂ ಗಾಡಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು, ನಿಡಗುಂದಿ ಹಾದು ಕೂಡಲಸಂಗಮದವರೆಗೆ ಹೋಗಿ ಬಂದೆವು. ಮಾಲೀಕರು ಒಪ್ಪಿದ್ದೇ ದೊಡ್ಡದು. ಡೀಸೆಲ್ ನಮ್ಮದೇ ಅಂತ ಮೊದಲೇ ಹೇಳಿದ್ದಕ್ಕೆ ಒಪ್ಪಿರಬೇಕು.

ಕೊನೆಯ ಸಾಲಿನಲ್ಲಿ ಇನ್ನೋವಾಕ್ಕೆ ಎರಡನೇ ಮಾತಿಲ್ಲ. ದೊಡ್ಡವರು ಕಾಲು ಚಾಚದಿದ್ದರೂ ಮಡಚಿಕೊಂಡು ಕೂರಬೇಕಿಲ್ಲ. ಚಾವಣಿಯಿಂದ ತಂಪು ಗಾಳಿ ಹಿಂದಿನವರೆಗೂ ಬರುತ್ತದೆ. ಹೆದ್ದಾರಿಯಲ್ಲಿ ಗಾಡಿ ನೆಲ ಹಿಡಿದು ಓಡುತ್ತದೆ, ಸೇತುವೆಯ ಜಾಯಿಂಟು ಬಂದದ್ದೇ ಗೊತ್ತಾಗುವುದಿಲ್ಲ. ಎರ್ಟಿಗಾದಲ್ಲಿ ಮಾತ್ರ ನನ್ನ ಮೊಣಕಾಲು ಎದೆಯ ಹತ್ತಿರ ಬಂತು. ನಿಡಗುಂದಿ ಬರುವಷ್ಟರಲ್ಲಿ ಸೊಂಟ ಹಿಡಿಯಿತು. ಆದರೆ ಅದೇ ಸೀಟಿನಲ್ಲಿ ಮಕ್ಕಳನ್ನು ಕೂರಿಸಿದರೆ ಅವರಿಗೆ ಅದು ಅರಮನೆ. ಇಳಿಯಲು ಒಪ್ಪಲಿಲ್ಲ.

ಲೆಕ್ಕ ತಿರುಗಿದ್ದು ಬಾಗಿಲಲ್ಲಿ. ಇನ್ನೋವಾ ಲ್ಯಾಡರ್ ಚಾಸಿಯ (ಏಣಿಯಂಥ ಕಬ್ಬಿಣದ ಚೌಕಟ್ಟಿನ) ಮೇಲೆ ಕೂತ ಗಾಡಿ, ಒಳಗಿನ ನೆಲ ಎತ್ತರ. ಅವ್ವನಿಗೆ ಮೊಣಕಾಲು ನೋವು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈ ನನ್ನ ಹೆಗಲ ಮೇಲೆ, ಆಮೇಲೆ ಒಂದು ನಿಟ್ಟುಸಿರು. ಎರ್ಟಿಗಾದಲ್ಲಿ ಸೀರೆಯ ನೆರಿಗೆ ಹಿಡಿದು ಸುಮ್ನೆ ಕೂತುಬಿಟ್ಟರು. "ಇದು ನನ್ನ ಅಳತಿಗೆ ಮಾಡ್ಯಾರ ನೋಡಪಾ" ಅಂದರು. ಅಪ್ಪ ಮಾತ್ರ ಇನ್ನೋವಾದ ಕಡೆಗೇ ಇದ್ದರು. ಅದರಲ್ಲಿ ಬಂದಿಳಿದರೆ ಮದುವೆ ಮನೆಯಲ್ಲಿ ಮರ್ಯಾದೆ ಬೇರೆ, ಅಲ್ವಾ?

ಎಂಜಿನ್ ವಿಷಯದಲ್ಲಿ ಒಂದು ತಮಾಷೆ ಇದೆ. ಇನ್ನೋವಾದ್ದು 2,494 ಸಿಸಿ, ಎರ್ಟಿಗಾದ್ದು 1,248 ಸಿಸಿ. ಅಷ್ಟಿದ್ದರೂ ಎರಡರ ಟಾರ್ಕ್ (ಎಳೆಯುವ ಬಲ) 200 ನ್ಯೂಟನ್ ಮೀಟರೇ. ಇನ್ನೋವಾ 1,600 ಕಿಲೋ ಆಸುಪಾಸು ತೂಗುತ್ತದೆ, ಎರ್ಟಿಗಾ 1,200 ಚಿಲ್ಲರೆ. ಹಾಗಂತ ಎರ್ಟಿಗಾ ಎಲ್ಲ ಕಡೆ ಮುಂದೆ ಅಂತಲ್ಲ. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎದ್ದೇಳುವವರೆಗೆ ಅದು ಮಂಕು. ಗಾಂಧಿ ಚೌಕದ ಗದ್ದಲದಲ್ಲಿ ಏಳು ಜನರನ್ನು ಹೊತ್ತು ನಿಂತು ಹೊರಡುವಾಗ ತಮ್ಮ ಪದೇಪದೇ ಒಂದನೇ ಗೇರಿಗೆ ಬರಬೇಕಾಯಿತು. ಇನ್ನೋವಾ ಅಲ್ಲಿ ಕ್ಲಚ್ ಬಿಟ್ಟರೆ ಸಾಕು, ತಾನೇ ಮುಂದೆ ಹೋಗುತ್ತದೆ. ಆದರೆ ಹಳೆ ಊರಿನ ಗಲ್ಲಿಯಲ್ಲಿ ತಿರುಗಿಸುವುದಕ್ಕೆ ಅದು ದೊಡ್ಡದಾಯಿತು. ಉದ್ದದಲ್ಲಿ ಒಂದು ಅಡಿಯಷ್ಟು ಜಾಸ್ತಿ.

ಮೈಲೇಜ್: ವಾಹನ ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಪ್ರಕಾರ ಲೀಟರಿಗೆ ಎರ್ಟಿಗಾ 20.77 ಕಿ.ಮೀ., ಇನ್ನೋವಾ 12.99. ರಸ್ತೆಯಲ್ಲಿ ಎರಡೂ ಅದಕ್ಕಿಂತ ಕಡಿಮೆಯೇ ಕೊಡುತ್ತವೆ, ಅಂತರ ಮಾತ್ರ ಉಳಿಯುತ್ತದೆ.

ಸಾಮಾನಿನ ಜಾಗ ಎರಡರಲ್ಲೂ ಬೇರೆ ಬೇರೆ ತರಹದ ತಲೆನೋವು. ಎರ್ಟಿಗಾದಲ್ಲಿ ಮೂರೂ ಸಾಲು ಎತ್ತಿದರೆ ಉಳಿಯುವುದು 135 ಲೀಟರ್. ರೊಟ್ಟಿ ಬುತ್ತಿ, ಎರಡು ಕೈಚೀಲ, ಅಷ್ಟೇ. ಹಾಸಿಗೆ ಸುರುಳಿ ಇದ್ದರೆ ಟಾಪ್ ಮೇಲೆ ಕ್ಯಾರಿಯರ್ ಬೇಕು. ಆದರೆ ಕೊನೆಯ ಸಾಲನ್ನು ಮಡಚಿದರೆ ನೆಲ ಸಪಾಟಾಗುತ್ತದೆ, ಜೋಳದ ಚೀಲ ಹಾಕಬಹುದು. ಇನ್ನೋವಾದ ಸೀಟುಗಳು ಮಡಚಿ ಎರಡು ಪಕ್ಕಕ್ಕೆ ನಿಲ್ಲುತ್ತವೆ, ಜಾಗ ತಿನ್ನುತ್ತವೆ.

ಗಾಡಿ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿದ್ದು ಬೇರೆ ದಿನ, ಬೆಳಗ್ಗೆ ಬೇಗ. ಅವರು ಮೊದಲು ಬಾನೆಟ್ ಮೇಲೆ ಕೈ ಇಟ್ಟರು. ಬಿಸಿ ಇದ್ದರೆ ಯಾರೋ ಮೊದಲೇ ಚಾಲೂ ಮಾಡಿಟ್ಟಿದ್ದಾರೆ ಅಂತ ಅರ್ಥ. ತಣ್ಣಗಿರುವಾಗ ಹೇಗೆ ಶುರುವಾಗುತ್ತದೆ ಅನ್ನುವುದೇ ಡೀಸೆಲ್ ಗಾಡಿಯ ಪರೀಕ್ಷೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಕ್ಯಾಪ್ ಬಿಚ್ಚಿ ನೋಡಿದರು. ಇನ್ನೋವಾದಲ್ಲಿ ಹೊಗೆ ಜೋರಾಗಿಯೇ ಬಂತು, ಎಂಜಿನ್ ಒಳಗೆ ಸವೆದಿರುವ ಲಕ್ಷಣ ಅದು. ಮೀಟರ್ ತೋರಿಸಿದ್ದು ಒಂದು ಲಕ್ಷ ಚಿಲ್ಲರೆ. ಆದರೆ ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿತ್ತು. "ಸರ್, ಪೆಡಲ್ ಬ್ಯಾರೆ ಹೇಳತೈತ್ರಿ, ಮೀಟರ್ ಬ್ಯಾರೆ ಹೇಳತೈತ್ರಿ" ಅಂತ ನಕ್ಕರು. ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ, ಕಾಲಕಾಲಕ್ಕೆ ಬದಲಿಸಬೇಕಾದದ್ದು. ಅದನ್ನು ಬದಲಿಸಿದ ಬಿಲ್ಲನ್ನು ಮಾಲೀಕರು ತೋರಿಸಲಿಲ್ಲ. ಎರ್ಟಿಗಾದ 1.3ಕ್ಕೆ ಚೈನ್, ಆ ಚಿಂತೆ ಇಲ್ಲ. ಅದರ ರೇಡಿಯೇಟರಿಗೆ ಮಾತ್ರ ಕೂಲಂಟ್ ಬದಲು ಬೋರಿನ ನೀರು ಸುರಿದಿದ್ದರು. ನಮ್ಮ ಕಡೆಯ ಗಡಸು ನೀರಿಗೆ ಒಳಗೆ ತುಕ್ಕು ಬಣ್ಣ ಕಟ್ಟಿತ್ತು. ಅದನ್ನು ತೊಳೆಸಿದರೆ ಸರಿಹೋಗುತ್ತದೆ ಅಂದರು.

ಕಾಗದಪತ್ರವೂ ಲೆಕ್ಕಕ್ಕೆ ಬಂತು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2012ರದಕ್ಕೆ ಆ ಗಡುವು 2027ರಲ್ಲೇ ಬರುತ್ತದೆ, 2014ರದಕ್ಕೆ 2029. ಸೊಲ್ಲಾಪುರ ಹತ್ತಿರ ಅಂತ ಅಲ್ಲಿ ನೋಂದಣಿಯಾದ ಎಂಎಚ್-13 ಗಾಡಿಗಳೂ ಇಲ್ಲಿ ಅಗ್ಗಕ್ಕೆ ಬರುತ್ತವೆ. ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಇಲ್ಲಿಯ ತೆರಿಗೆ ಕಟ್ಟಿ, ನಮ್ಮೂರ ನಂಬರ್ ಕೆಎ-28 ಮಾಡಿಸುವಷ್ಟರಲ್ಲಿ ಆ ಅಗ್ಗ ಉಳಿಯುವುದು ಕಷ್ಟ.

ವಾರವಾರ ಐದಾರು ದೊಡ್ಡವರನ್ನು ಕೂರಿಸಿಕೊಂಡು ದೂರ ಹೋಗುವ ಮನೆಯಾಗಿದ್ದರೆ ನಾನು ಇನ್ನೋವಾವನ್ನೇ ಹುಡುಕುತ್ತಿದ್ದೆ, ಇದಲ್ಲದಿದ್ದರೆ ಇನ್ನೊಂದು, ಸರ್ವಿಸ್ ದಾಖಲೆ ಇರುವುದು. ನಮ್ಮ ಮನೆಯಲ್ಲಿ ಕೊನೆಯ ಸಾಲು ಹುಡುಗರದ್ದು. ಎರ್ಟಿಗಾ ತಗೊಂಡೆವು. ಟೈರಿನ ಮೇಲೆ 1816 ಅಂತಿತ್ತು, ಅಂದರೆ 2016ರ ಹದಿನೆಂಟನೇ ವಾರ ತಯಾರಾದದ್ದು. ಮೇಲ್ನೋಟಕ್ಕೆ ಟೈರಿನ ಬಟನ್ (ಮೇಲಿನ ಉಬ್ಬು ಹಲ್ಲು) ಚೆನ್ನಾಗಿದ್ದರೂ ರಬ್ಬರ್ ಬಿರುಕು ಬಿಟ್ಟಿತ್ತು. ಅದನ್ನೇ ತೋರಿಸಿ ನಾಲ್ಕು ಟೈರಿನ ದುಡ್ಡು ಮುರಿಸಿದೆವು.