ಕಲರಿಮೀಟರ್: ಕೊಂಡಿದ್ದು ಬಣ್ಣಕ್ಕೆ, ಕೆಲಸಕ್ಕೆ ಬಂದಿದ್ದು ಬ್ರೈಟ್‌ನೆಸ್‌ಗೆ

ಮಾನಿಟರಿನ ಬಣ್ಣ ಸರಿಮಾಡೋಕೆ ಅಂತ ಕಲರಿಮೀಟರ್ ಕೊಳ್ಳುವವರು ಡೆಲ್ಟಾ-ಇ (ಬಣ್ಣ ಎಷ್ಟು ತಪ್ಪಿದೆ ಅನ್ನೋ ಅಳತೆ), ಗ್ಯಾಮಟ್ (ತೋರಿಸಬಲ್ಲ ಬಣ್ಣಗಳ ವ್ಯಾಪ್ತಿ) ಅಂತ ಚಾರ್ಟುಗಳನ್ನೆಲ್ಲ ಓದಿಕೊಂಡೇ ಬಂದಿರುತ್ತಾರೆ, ಅದನ್ನು ಇಲ್ಲಿ ಮತ್ತೆ ಹೇಳಲ್ಲ. ಬಹಳ ಕಾಲ ಬಳಸಿದ ಮೇಲೆ ಪರದೆಗೆ ತಾಗಿಸಿ ಅದರ ಬಣ್ಣ, ಬೆಳಕು ಅಳೆಯುವ ಈ ಪುಟ್ಟ ಡಬ್ಬಿಯಿಂದ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದೇ ಒಂದು ಸಂಖ್ಯೆ: ಬಿಳಿ ಎಷ್ಟು ನಿಟ್ಸ್ (ಪರದೆಯ ಬೆಳಕಿನ ಅಳತೆ) ಇದೆ ಅನ್ನೋದು. ಜೊತೆಗೆ ಬಂದ ತಂತ್ರಾಂಶ ಮಾತ್ರ ತಲೆನೋವು.

ಮೊದಲು ತಲೆನೋವಿನ ವಿಷಯ. ಕಂಪನಿಯ ತಂತ್ರಾಂಶ 'ಬ್ಯಾಕ್‌ಲೈಟ್', ಅಂದರೆ ಪರದೆಯ ಹಿಂದಿನ ದೀಪ, ಯಾವುದು ಅಂತ ಕೇಳುತ್ತೆ. ಆಯ್ಕೆ ಮೂರೋ ನಾಲ್ಕೋ, ವಿವರಣೆ ಒಂದಕ್ಕೂ ಇಲ್ಲ. ಮಾನಿಟರಿನ ಡಬ್ಬಿ ಮೇಲೆ ಎಲ್‌ಇಡಿ ಅಂತಿದೆ ಅಂದುಕೊಂಡು 'ವೈಟ್ ಎಲ್‌ಇಡಿ' ಒತ್ತಿದಿರೋ, ಕೆಟ್ಟಿತು. ಈಗ ಬರುವ ವೈಡ್ ಗ್ಯಾಮಟ್ ಮಾನಿಟರುಗಳಲ್ಲಿ, ಅಂದರೆ ಪಿ3 (ಸಿನಿಮಾದವರ ಬಣ್ಣದ ವ್ಯಾಪ್ತಿ) ಬಣ್ಣಗಳನ್ನು 95 ಶೇಕಡಾಕ್ಕಿಂತ ಹೆಚ್ಚು ತೋರಿಸುವಂಥವುಗಳಲ್ಲಿ, ಅನೇಕಕ್ಕೆ ಬ್ಯಾಕ್‌ಲೈಟಿನಲ್ಲಿ ಪಿಎಫ್‌ಎಸ್ ಅನ್ನೋ ಫಾಸ್ಫರ್ (ಕೆಂಪು ಬೆಳಕು ಹೊಮ್ಮಿಸುವ ಪುಡಿ) ಇರುತ್ತೆ. ಅದರ ಕೆಂಪು 630 ನ್ಯಾನೋಮೀಟರ್ ಸುತ್ತ ಚೂಪಾದ ಗೆರೆಗಳಾಗಿ ಬರುತ್ತೆ. ಕಲರಿಮೀಟರಿನ ಫಿಲ್ಟರ್‌ಗಳು ಕಣ್ಣಿನ ಹಾಗೆ ನೋಡೋಕೆ ಪ್ರಯತ್ನಪಡುತ್ತವೆಯೇ ಹೊರತು ಪೂರ್ತಿ ಕಣ್ಣಿನಂತಲ್ಲ. ಆ ಕೊರತೆ ತುಂಬುವ ತಿದ್ದುಪಡಿ ಫೈಲನ್ನು ಆರಿಸೋದು ಆ ಬ್ಯಾಕ್‌ಲೈಟ್ ಪ್ರಶ್ನೆಯೇ, ಫೈಲ್ ತಪ್ಪಾದರೆ ಅಳತೆಯೇ ತಪ್ಪು. ವರದಿಯಲ್ಲಿ ಎಲ್ಲ ಹಸಿರು ಟಿಕ್ ಬಿದ್ದಿರುತ್ತೆ, ಎದುರಿಗಿರುವ ಬಿಳಿ ಮಾತ್ರ ತುಸು ಗುಲಾಬಿಯಾಗೋ ಹಸಿರಾಗೋ ಕಾಣುತ್ತೆ. ವರದಿಯನ್ನು ತಯಾರಿಸಿದ್ದೂ ಅದೇ ತಪ್ಪು ಫೈಲೇ ಆದ್ದರಿಂದ ಅಲ್ಲಿ ಏನೂ ಗೊತ್ತಾಗಲ್ಲ.

ಡಿಸ್‌ಪ್ಲೇಕ್ಯಾಲ್ ಅನ್ನೋ ಬೇರೆ ತಂತ್ರಾಂಶಕ್ಕೆ ಬಂದ ಮೇಲೆ ಸಿಟ್ಟು ಇಳಿಯಿತು. ಉಚಿತ. ಒಳಗೆ ಕೆಲಸ ಮಾಡೋದು ಗ್ರೇಮ್ ಗಿಲ್ ಅವರ ಆರ್ಗಿಲ್‌ಸಿಎಂಎಸ್. ಮೂಲ ಆವೃತ್ತಿ ಪೈಥಾನ್ 2ರಲ್ಲೇ ನಿಂತುಹೋಗಿದೆ, ಹಾಗಾಗಿ ಸ್ವಯಂಸೇವಕರು ಪೈಥಾನ್ 3ಕ್ಕೆ ತಂದಿರುವುದನ್ನೇ ಹಾಕಿಕೊಳ್ಳಿ. ಕೆಲವು ಉಪಕರಣಗಳಿಗೆ ವಿಂಡೋಸ್‌ನಲ್ಲಿ ಡ್ರೈವರ್ ಬದಲಿಸಬೇಕಾಗುತ್ತೆ. ಬದಲಿಸಿದ ಮೇಲೆ ಕಂಪನಿಯ ತಂತ್ರಾಂಶಕ್ಕೆ ಉಪಕರಣ ಕಾಣಲ್ಲ, ಗಾಬರಿ ಬೇಡ. ತಿದ್ದುಪಡಿ ಪಟ್ಟಿಯಲ್ಲಿ ಪಿಎಫ್‌ಎಸ್, ಜಿಬಿ-ಎಲ್‌ಇಡಿ, ಸಿಸಿಎಫ್‌ಎಲ್ ಹೀಗೆ ಬ್ಯಾಕ್‌ಲೈಟಿನ ಬಗೆಗಳೆಲ್ಲ ಬೇರೆ ಬೇರೆಯಾಗಿಯೇ ಸಿಗುತ್ತವೆ.

ಇನ್ನು ಅಳೆಯುವ ದಿನದ ಕೆಲಸ. ಮಾನಿಟರ್ ಅರ್ಧ ಗಂಟೆ ಉರಿದಿರಬೇಕು, ತಣ್ಣಗಿದ್ದಾಗ ಬಿಳಿ ಸರಿದಾಡುತ್ತಿರುತ್ತೆ. ನೈಟ್ ಲೈಟ್, ಡೈನಮಿಕ್ ಕಾಂಟ್ರಾಸ್ಟ್, ಇಕೋ ಮೋಡ್, ಎಚ್‌ಡಿಆರ್, ಎಲ್ಲ ಆಫ್. ಪರದೆಯನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಮಾನಿಟರಿನ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ. ಕೇಬಲ್ಲಿನ ತೂಕದ ತುಂಡನ್ನು ಮಾನಿಟರಿನ ಬೆನ್ನಿಗೆ ಇಳಿಬಿಟ್ಟರೆ ಮೀಟರ್ ತನ್ನ ಭಾರಕ್ಕೆ ತಾನೇ ಪರದೆಗೆ ಒರಗಿ ಕೂರುತ್ತೆ. ಸುತ್ತಲಿನ ಫೋಮ್ ಎಲ್ಲ ಕಡೆ ತಾಗಿದೆಯಾ ಅಂತ ಪಕ್ಕದಿಂದ ಬಗ್ಗಿ ನೋಡಿ. ಒಂದು ಕೂದಲೆಳೆ ಸಂದಿ ಇದ್ದರೂ ಕೋಣೆಯ ಬೆಳಕು ನುಗ್ಗಿ ಕಪ್ಪಿನ ಅಳತೆ ಏರಿಬಿಡುತ್ತೆ. ದೀಪ ಆರಿಸಿ, ಕಿಟಕಿಯ ಪರದೆ ಎಳೆದು, ಆಮೇಲೆ ಶುರು ಮಾಡಿ.

ಗುರಿಗಳು: ಬಿಳಿ ಡಿ65 (ಹಗಲಿನ ಬೆಳಕಿನಂಥ ಬಿಳಿ), ಗ್ಯಾಮಾ (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿ) 2.2, ಬ್ರೈಟ್‌ನೆಸ್ ಪ್ರಿಂಟಿಗೆ ಕೊಡುವವರಿಗೆ 80ರಿಂದ 100 ನಿಟ್ಸ್, ವೆಬ್‌ಗಷ್ಟೇ ಆದರೆ 120. ಮಾನಿಟರಿನ ಮೆನುವಿನಲ್ಲಿ 'ಯೂಸರ್' ಅಥವಾ 'ಕಸ್ಟಮ್' ಮೋಡ್ ಹಾಕಿ, ಕಾಂಟ್ರಾಸ್ಟ್ ಮುಟ್ಟಬೇಡಿ. ಪರದೆಯ ಮೇಲೆ ಕೆಂಪು, ಹಸಿರು, ನೀಲಿಯ ಮೂರು ಪಟ್ಟಿ ಕಾಣುತ್ತವೆ. ಹೆಚ್ಚಾಗಿರುವುದನ್ನು ಇಳಿಸಿ ನಡುಗೆರೆಗೆ ತನ್ನಿ, ಕಡಿಮೆ ಇರುವುದನ್ನು 100ರ ಆಚೆ ಏರಿಸಬೇಡಿ. ಹೊಸ ಮಾನಿಟರುಗಳಲ್ಲಿ ಹೆಚ್ಚಾಗಿ ಇಳಿಸಬೇಕಾಗುವುದು ನೀಲಿಯನ್ನೇ. ಈ ಕೆಲಸವನ್ನು ಗುಂಡಿಗಳಲ್ಲೇ ಆದಷ್ಟು ಮುಗಿಸಿ. ಗ್ರಾಫಿಕ್ಸ್ ಕಾರ್ಡಿನ ತಲೆಗೆ ಕಟ್ಟಿದಷ್ಟೂ 256 ಹಂತಗಳಲ್ಲಿ ಕೆಲವು ಕೈಬಿಟ್ಟು, ಸಂಜೆಯ ಆಕಾಶ ಪಟ್ಟೆ ಪಟ್ಟೆಯಾಗುತ್ತೆ. ಕೊನೆಗೆ ತಯಾರಾಗುವ ಪ್ರೊಫೈಲ್ (ಮಾನಿಟರ್ ಬಣ್ಣ ತೋರಿಸುವ ರೀತಿಯ ವಿವರವಿರುವ ಫೈಲ್) ಬಗೆ 'ಸಿಂಗಲ್ ಕರ್ವ್ ಪ್ಲಸ್ ಮ್ಯಾಟ್ರಿಕ್ಸ್' ಸಾಕು. ದೊಡ್ಡ ಕೋಷ್ಟಕವಿರುವ ಲಟ್ ಪ್ರೊಫೈಲ್ ಹೇಳೋಕೆ ಚಂದ, ಕೆಲವು ಪ್ರೋಗ್ರಾಂಗಳಲ್ಲಿ ನೆರಳಿನ ಭಾಗದ ಬಣ್ಣ ಕೆಡಿಸುತ್ತೆ.

ಈಗ ಆ ಒಂದು ಸಂಖ್ಯೆಗೆ ಬರೋಣ. ಅಂಗಡಿಯಿಂದ ಬಂದ ಮಾನಿಟರ್ 250-300 ನಿಟ್ಸ್ ಹೊಡೆಯುತ್ತಿರುತ್ತೆ. 100ಕ್ಕೆ ಹೋಲಿಸಿದರೆ 250 ಅಂದರೆ ಒಂದೂಕಾಲು ಸ್ಟಾಪ್‌ಗಿಂತ ಹೆಚ್ಚು (ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್). ಆ ಬೆಳಕಿನಲ್ಲಿ ಧಾರೆಯ ಮಂಟಪದ ನೆರಳು, ಕಪ್ಪು ಸೂಟಿನ ಮಡಿಕೆ ಎಲ್ಲ ಚೆನ್ನಾಗಿ ಬಿಡಿಸಿ ಕಾಣುತ್ತೆ, ಎಕ್ಸ್‌ಪೋಷರ್ ಇಳಿಸೋಕೆ ಕೈ ತಾನಾಗಿ ಹೋಗುತ್ತೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಆಲ್ಬಂ 'ಡಾರ್ಕ್' ಬರುತ್ತೆ, ಬೈಗುಳ ಲ್ಯಾಬಿನವರಿಗೆ. ಬ್ರೈಟ್‌ನೆಸ್ ಸ್ಲೈಡರ್ 20-30ರ ಆಸುಪಾಸಿಗೆ ಇಳಿದರೆ 100 ನಿಟ್ಸ್ ಸಿಗೋದು ಸಾಮಾನ್ಯ. ಮೊದಲ ಒಂದೆರಡು ದಿನ ಮಂಕು ಅನಿಸುತ್ತೆ, ಆಮೇಲೆ ಕಣ್ಣು ಒಗ್ಗುತ್ತೆ. ಬಣ್ಣದ ತಿದ್ದುಪಡಿ ಪೂರ್ತಿ ಬಿಟ್ಟು ಇದೊಂದನ್ನು ಮಾಡಿದರೂ ಪ್ರಿಂಟ್ ಮುಕ್ಕಾಲು ಪಾಲು ದಾರಿಗೆ ಬರುತ್ತೆ.

ಪ್ರಿಂಟನ್ನು ಪರದೆ ಪಕ್ಕ ಹಿಡಿದು ಹೋಲಿಸುವವರು ಕೋಣೆಯ ದೀಪವನ್ನೂ ನೋಡಬೇಕು. ಮನೆಗಳಲ್ಲಿರುವ 'ಕೂಲ್ ಡೇಲೈಟ್' ಎಲ್‌ಇಡಿ ಟ್ಯೂಬುಗಳು 6500 ಕೆಲ್ವಿನ್ ಇದ್ದರೂ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತೆ ಅನ್ನೋದಕ್ಕೆ ನೂರಕ್ಕೆ ಕೊಡುವ ಅಂಕ) ಸಾಮಾನ್ಯವಾಗಿ 80ರ ಹತ್ತಿರ. ಗಾಢ ಕೆಂಪು ಅದರಲ್ಲಿ ಸಾಯುತ್ತೆ: ಮರೂನ್ ರೇಷ್ಮೆ ಸೀರೆ ಕಂದಾಗಿ, ಕುಂಕುಮ ಇಟ್ಟಿಗೆ ಪುಡಿಯಾಗಿ ಕಾಣುತ್ತೆ. ನೇರ ಬಿಸಿಲು ಬೀಳದ ಕಿಟಕಿ ಪಕ್ಕ ಹಿಡಿಯಿರಿ, ಇಲ್ಲವೇ 5000 ಕೆಲ್ವಿನ್‌ನ, ಸಿಆರ್‌ಐ 90ಕ್ಕೂ ಮೇಲಿರುವ ಬಲ್ಬ್ ಹಾಕಿ. ಲ್ಯಾಬ್ ಕಾಗದದ ಪ್ರೊಫೈಲ್ ಕೊಟ್ಟರೆ ಲೈಟ್‌ರೂಮಿನ ಡೆವಲಪ್‌ನಲ್ಲಿ ಎಸ್ ಒತ್ತಿ ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟ್ ಹೇಗೆ ಬರುತ್ತೆ ಅನ್ನೋ ಅಂದಾಜನ್ನು, ಪರದೆಯಲ್ಲೇ ನೋಡಿ. ಉಜ್ವಲ ರಾಣಿ ಪಿಂಕ್ ಕಾಗದದಲ್ಲಿ ಎಷ್ಟು ಕುಗ್ಗುತ್ತೆ ಅಂತ ಆಗಲೇ ಗೊತ್ತಾಗುತ್ತೆ. ಅಷ್ಟಕ್ಕೆ ಮೀಟರನ್ನು ದೂರಬೇಡಿ, ಆ ಬಣ್ಣ ಇಂಕಿನಲ್ಲೇ ಇಲ್ಲ.

ಕೆಡೋದು ಎಲ್ಲೆಲ್ಲಿ? ಅಳತೆಯಾದ ಮೇಲೆ ಸಾಮಾನ್ಯ ಐಪಿಎಸ್ ಪ್ಯಾನೆಲ್ಲಿಗೆ ಕಾಂಟ್ರಾಸ್ಟ್ (ಬಿಳಿ ಕಪ್ಪಿನ ಎಷ್ಟು ಪಟ್ಟು ಬೆಳಗುತ್ತೆ ಅನ್ನೋದು) 900ರ ಸುಮಾರು ಬರಬೇಕು. 400-500 ಬಂದರೆ ಒಂದೋ ಫೋಮ್ ಸರಿಯಾಗಿ ಕೂತಿಲ್ಲ, ಇಲ್ಲವೇ ಎಚ್‌ಡಿಎಂಐಯಲ್ಲಿ ಕಾರ್ಡ್ ಮಾನಿಟರನ್ನು ಟಿವಿ ಅಂದುಕೊಂಡು 0-255ರ ಬದಲು 16-235ರ ಹಂತಗಳನ್ನಷ್ಟೇ ಕಳಿಸುತ್ತಿದೆ. ಡ್ರೈವರಿನಲ್ಲಿ 'ಫುಲ್ ರೇಂಜ್' ಮಾಡಿ ಮತ್ತೆ ಅಳೆಯಿರಿ. ಕಂಪ್ಯೂಟರ್ ನಿದ್ದೆಯಿಂದ ಎದ್ದಾಗ ಬಣ್ಣ ಹಳೆಯದಕ್ಕೆ ಜಾರಿದರೆ ಎರಡು ಪ್ರೊಫೈಲ್ ಲೋಡರ್ ಕಿತ್ತಾಡುತ್ತಿರಬಹುದು. ಒಂದನ್ನು ತೆಗೆದುಹಾಕಿ. ಹೊಸ ಪ್ರೊಫೈಲ್ ಬಂದಾಗ ಫೋಟೋಶಾಪ್ ಮುಚ್ಚಿ ತೆರೆಯಬೇಕು. ಮಾನಿಟರ್ ಪ್ರೊಫೈಲನ್ನೇ ವರ್ಕಿಂಗ್ ಸ್ಪೇಸ್ (ಫೋಟೋ ತಿದ್ದುವ ಬಣ್ಣದ ವ್ಯಾಪ್ತಿ) ಮಾಡಿಕೊಂಡವರನ್ನು ದೇವರೇ ಕಾಪಾಡಬೇಕು.

ತಿಂಗಳಿಗೊಮ್ಮೆ ಅಳೆದರೆ ಧಾರಾಳ. ವಾರಕ್ಕೊಮ್ಮೆ ಜ್ಞಾಪಿಸುವ ಟ್ರೇ ಐಕಾನ್‌ಗೆ ಕಿವಿಗೊಡಬೇಡಿ. ಕರಾವಳಿಯವರು ಮೀಟರನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಹಳೆಯ ಮಾದರಿಗಳ ಸಾವಯವ ಫಿಲ್ಟರ್‌ಗಳು ತೇವಕ್ಕೆ ಬಣ್ಣ ಕಳೆದುಕೊಳ್ಳುತ್ತಿದ್ದವು, ಅಂಥದ್ದು ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ಕರೂ ಬೇಡ.

ಫೋಟೋ ಮೊಬೈಲಿಗಷ್ಟೇ ಹೋಗೋದಾದರೆ ಇದಕ್ಕೆ ದುಡ್ಡು ಹಾಕಬೇಡಿ, ಮಾನಿಟರಿನ ಎಸ್‌ಆರ್‌ಜಿಬಿ (ವೆಬ್‌ನ ಸಾಮಾನ್ಯ ಬಣ್ಣದ ವ್ಯಾಪ್ತಿ) ಮೋಡ್ ಸಾಕು. ಆ ಮೋಡ್‌ನಲ್ಲಿ ಬ್ರೈಟ್‌ನೆಸ್ ಬೀಗ ಹಾಕಿಕೊಳ್ಳುವ ಮಾನಿಟರುಗಳಿವೆ, ಕೊಳ್ಳುವ ಮುಂಚೆ ಅದನ್ನೊಂದು ನೋಡಿ. ಆಲ್ಬಂ ಮಾಡುವವರು ನಾಲ್ಕು ಜನ ಸೇರಿ ಒಂದು ಮೀಟರ್ ತಂದು ಸರದಿ ಮೇಲೆ ಬಳಸಬಹುದು. ಕಂಪನಿ ತಂತ್ರಾಂಶಕ್ಕೆ ಲೈಸೆನ್ಸ್ ಮಿತಿ ಇದ್ದೀತು, ಡಿಸ್‌ಪ್ಲೇಕ್ಯಾಲ್‌ಗೆ ಇಲ್ಲ.