385 ಪೌಂಡ್ ತೆತ್ತ ಸವಕಲು ಡಿನೇರಿಯಸ್: ರೋಮನ್ ನಾಣ್ಯ ಕೊಳ್ಳುವವರು ಇದನ್ನು ಓದಿ

ಬ್ರಿಟನ್‌ನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು ಆನ್‌ಲೈನ್ ವ್ಯಾಪಾರಿಯೊಬ್ಬರಿಂದ ರೋಮನ್ ದೊರೆ ಟೈಬೀರಿಯಸ್‌ನ ಕಾಲದ ಬೆಳ್ಳಿ ನಾಣ್ಯ, ಅಂದರೆ ಡಿನೇರಿಯಸ್, ಕೊಂಡರು. ಕೊಟ್ಟದ್ದು 385 ಪೌಂಡ್. ಆಮೇಲೆ ಮಾರಲು ಹೋದಾಗ ಎರಡು ಹರಾಜು ಸಂಸ್ಥೆಗಳು ಅದನ್ನು ಮುಟ್ಟಲಿಲ್ಲ. ಅದು ಈಗಿನ ಕಾಲದ ನಕಲಿಯಲ್ಲ. ತಾಮ್ರದ ಬಿಲ್ಲೆಗೆ ತೆಳು ಬೆಳ್ಳಿ ಹೊದಿಸಿ ರೋಮನ್ನರ ಕಾಲದಲ್ಲೇ ಮಾಡಿದ ಖೋಟಾ ನಾಣ್ಯ. ಬೇಸರದ ಸಂಗತಿಯೆಂದರೆ, ದುಡ್ಡು ಕೊಡುವ ಮುನ್ನವೇ ಇದನ್ನು ಗುರುತಿಸಲು ಬೇಕಾದ ಸುಳಿವೆಲ್ಲ ಜಾಹೀರಾತಿನಲ್ಲೇ ಇತ್ತು.

ಜಾಹೀರಾತು ಹೇಳಿದ್ದು ಮೂರು ಮಾತು: ಅಪರೂಪದ 'ಟ್ರಿಬ್ಯೂಟ್ ಪೆನ್ನಿ' (ಬೈಬಲ್‌ನಲ್ಲಿ ಬರುವ ತೆರಿಗೆಯ ನಾಣ್ಯ), ಸವೆತ ನೋಡಿ ಕೊಡುವ ದರ್ಜೆ 'ವೆರಿ ಫೈನ್', ದಕ್ಷಿಣ ಭಾರತದ ನಿಧಿಯಲ್ಲಿ ಸಿಕ್ಕಿದ್ದು.

ಅಪರೂಪ ಎಂಬುದು ಶುದ್ಧ ಸುಳ್ಳು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಮುಂದೆ ಅವನ ತಲೆ, ಹಿಂದೆ ಪೀಠದಲ್ಲಿ ಕುಳಿತ ಹೆಂಗಸು, ಸುತ್ತ 'ಪಾಂಟಿಫ್ ಮ್ಯಾಕ್ಸಿಮ್' ಎಂಬ ಬರಹ: ಈ ಒಂದೇ ಮಾದರಿಯನ್ನು ಲುಗ್ಡುನಮ್ ಟಂಕಸಾಲೆ, ಅಂದರೆ ಈಗಿನ ಫ್ರಾನ್ಸ್‌ನ ಲಿಯೋನ್, ಅವನ ಆಳ್ವಿಕೆಯ ಬಹುಭಾಗ ಅಚ್ಚು ಹಾಕುತ್ತಲೇ ಇತ್ತು. 'ಸೀಸರನದನ್ನು ಸೀಸರನಿಗೆ ಕೊಡಿ' ಎಂಬ ಬೈಬಲ್ ಪ್ರಸಂಗದ ನಾಣ್ಯ ಇದೇ ಎಂದು ಹಲವರು ನಂಬುವುದರಿಂದ ಬೇಡಿಕೆ ಹೆಚ್ಚು, ಬೆಲೆಯೂ ಹೆಚ್ಚು. ಸಿಗದೆ ಇರುವುದಕ್ಕಲ್ಲ. ಸವೆದವು ಹರಾಜಿಗೆ ಬರುತ್ತಲೇ ಇರುತ್ತವೆ, ಆತುರಪಡಬೇಕಾದ್ದಿಲ್ಲ.

ದರ್ಜೆಯ ವಿಷಯಕ್ಕೆ ಬಂದರೆ, ಮೊದಲು ಸವೆಯುವುದು ಉಬ್ಬಿದ ಭಾಗ. ಈ ಮಾದರಿಯಲ್ಲಿ ಕಿವಿಯ ಮೇಲಿನ ಕೂದಲು, ಮುಡಿದ ಎಲೆಮಾಲೆ, ಹಿಂಬದಿಯಲ್ಲಿ ಹೆಂಗಸಿನ ಮೊಣಕಾಲು ಮತ್ತು ತಲೆ ಇವನ್ನು ನೋಡಬೇಕು. ವೆರಿ ಫೈನ್ ಎನ್ನಬೇಕಾದರೆ ಕೂದಲಿನ ಎಳೆಗಳು ಬಹುಪಾಲು ಬಿಡಿಬಿಡಿಯಾಗಿ ಕಾಣಬೇಕು, ಎಲೆಗಳನ್ನು ಗುರುತಿಸುವಂತಿರಬೇಕು. ಈ ನಾಣ್ಯದಲ್ಲಿ ಕೂದಲು ಒಂದೇ ಮುದ್ದೆ. ಎಲೆಮಾಲೆಯಲ್ಲಿ ಉಳಿದದ್ದು ಕುತ್ತಿಗೆಯ ಹಿಂದಿನ ರಿಬ್ಬನ್ ಮಾತ್ರ. ಅದು 'ಫೈನ್', ಅದೂ ಅಂಚಿನದು. ಒಂದು ದರ್ಜೆ ಇಳಿದರೆ ಬೆಲೆ ಅರ್ಧಕ್ಕೆ ಇಳಿಯುವುದು ಅಸಾಮಾನ್ಯವೇನಲ್ಲ. ಬರಹವೆಲ್ಲ ಮಾಸಿ ಕೂದಲು ಮಾತ್ರ ಚೂಪಾಗಿದ್ದರೆ ಇನ್ನೂ ಕೆಟ್ಟದ್ದು: ಯಾರೋ ಸೂಜಿಮೊನೆಯಿಂದ ಕೆತ್ತಿ ತಿದ್ದಿದ್ದಾರೆ ಎಂದರ್ಥ. ಸವೆತ ಎಲ್ಲೆಡೆ ಒಂದೇ ಲೆಕ್ಕದಲ್ಲಿ ಇರಬೇಕು.

ಇನ್ನು ದಕ್ಷಿಣ ಭಾರತದ ಕಥೆ. ಈ ಕಾಲದ ಡಿನೇರಿಯಸ್‌ಗಳು ನಮ್ಮಲ್ಲಿ ಸಿಕ್ಕಿರುವುದು ನಿಜ. 1891ರಲ್ಲಿ ಯಶವಂತಪುರದಲ್ಲಿ ನಿಧಿಯೇ ಸಿಕ್ಕಿತು, ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ದೊರೆತಿವೆ. ಇಲ್ಲಿ ಸಿಕ್ಕ ಎಷ್ಟೋ ನಾಣ್ಯಗಳಲ್ಲಿ ದೊರೆಯ ತಲೆಗೆ ಅಡ್ಡಲಾಗಿ ಉಳಿಯಿಂದ ಹೊಡೆದ ಕಚ್ಚು ಇರುತ್ತದೆ. ಇದರಲ್ಲೂ ಇತ್ತು. ವ್ಯಾಪಾರಿ ಅದನ್ನೇ 'ಇತಿಹಾಸದ ಗುರುತು' ಎಂದು ಹೊಗಳಿ ಬೆಲೆ ಏರಿಸಿದ್ದರು. ಬೆಲೆ ಕಟ್ಟುವಾಗ ಮಾತ್ರ ಕಚ್ಚು ಎಂದರೆ ಹಾನಿಯೇ. ಮುಖದ ಮೇಲಿದ್ದರೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕಡಿಮೆ ಮಾಡುವುದು ನ್ಯಾಯ.

ಅದಕ್ಕಿಂತ ಗಂಭೀರವಾದದ್ದು ಕಾನೂನು. ಭಾರತದಲ್ಲಿ ನೆಲದಡಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾಯ್ದೆ 1878ರಿಂದಲೂ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ಹಳೆಯ ರಸೀದಿಯೋ ಹಳೆಯ ಹರಾಜು ಪಟ್ಟಿಯ ಪುಟವೋ ಇಲ್ಲದೆ 'ಭಾರತದ ನಿಧಿ' ಎಂದು ಮಾರಿದರೆ, ಕದ್ದು ಸಾಗಿಸಿದ ಮಾಲು ಎಂದು ತಾನೇ ಒಪ್ಪಿಕೊಂಡಂತೆ. ಮೊದಲ ಹರಾಜು ಸಂಸ್ಥೆ ನಿರಾಕರಿಸಿದ್ದು ಈ ಕಾರಣಕ್ಕೇ. ನಮ್ಮ ನೆಲದ ಚರಿತ್ರೆ ಹೀಗೆ ಚೂರುಚೂರಾಗಿ ಬಿಕರಿಯಾಗಲು ಕನ್ನಡಿಗರ ದುಡ್ಡು ಹೋಗಬಾರದು.

ಎರಡನೆಯ ಸಂಸ್ಥೆ ತೂಕ ಹಾಕಿತು: 2.91 ಗ್ರಾಂ. ಜಾಹೀರಾತಿನಲ್ಲಿ ತೂಕವೇ ಇರಲಿಲ್ಲ. ತೂಕ ಮತ್ತು ವ್ಯಾಸ ಬರೆಯದ ಪುರಾತನ ನಾಣ್ಯವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಟೈಬೀರಿಯಸ್ ಕಾಲದ ಡಿನೇರಿಯಸ್ ಸುಮಾರು 3.7 ಗ್ರಾಂ ಇರುತ್ತಿತ್ತು, ಚೆನ್ನಾಗಿ ಸವೆದವೂ 3.4ರ ಆಸುಪಾಸು ತೂಗುತ್ತವೆ. ಬರಹ ಓದಲು ಬರುವಂತಿದ್ದೂ ಮುಕ್ಕಾಲು ಗ್ರಾಂ ಮಾಯವಾಗಿದ್ದರೆ ಅದು ಸವೆತದಿಂದ ಆದದ್ದಲ್ಲ: ಅಂಚು ಕತ್ತರಿಸಿರಬೇಕು, ಇಲ್ಲವೇ ಒಳಗೆ ತಾಮ್ರವಿರಬೇಕು. (ಕ್ರಿ.ಶ. 64ರಲ್ಲಿ ನೀರೋ ತೂಕ ಇಳಿಸಿದ ನಂತರದ ನಾಣ್ಯಗಳಿಗೆ ಈ ಅಳತೆ ಹಿಡಿಯಬೇಡಿ, ಅವು ಹೊಸದಾಗಿದ್ದಾಗಲೇ 3.4 ಗ್ರಾಂ ಸುಮಾರಿದ್ದವು.)

ಅನುಮಾನ ಬಂದರೆ ಮನೆಯಲ್ಲೇ ಪರೀಕ್ಷಿಸಬಹುದು. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ಗುಳ್ಳೆ ಅಂಟದಂತೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಆಮೇಲೆ ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ನೂಲಿನಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಒಣ ತೂಕವನ್ನು ಆಗ ತೋರಿಸಿದ ಅಂಕಿಯಿಂದ ಭಾಗಿಸಿ. 3.60 ಗ್ರಾಂನ ಒಳ್ಳೆಯ ಬೆಳ್ಳಿ ನಾಣ್ಯಕ್ಕೆ ತಕ್ಕಡಿ 0.35 ತೋರಿಸುತ್ತದೆ, ಅಂದರೆ ಸಾಂದ್ರತೆ 10.3. ಈ ನಾಣ್ಯಕ್ಕೆ 0.32 ಬಂತು: 9.1. ತಾಮ್ರದ್ದು 8.96. ತಕ್ಕಡಿ 0.01 ಹೆಚ್ಚುಕಮ್ಮಿ ತೋರಿಸಿದರೂ ಉತ್ತರ ಬಹಳ ಬದಲಾಗುತ್ತದೆ, ಹಾಗಾಗಿ ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಿರಿ. ಪರೀಕ್ಷೆಗೂ ಮೊದಲು ಹತ್ತು ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ಕಚ್ಚಿನ ಒಳಗೆ ಇಣುಕಿದ್ದರೂ ಸಾಕಿತ್ತು. ತಳದಲ್ಲಿ ಹಸಿರು ಕಿಲುಬು ಇತ್ತು. ಜಾಹೀರಾತಿನ ಫೋಟೊವನ್ನು ಹಿಗ್ಗಿಸಿದರೂ ಅದು ಕಾಣುತ್ತದೆ.

385 ಎಂಬ ಬೆಲೆ ಬಂದದ್ದು ಹೇಗೆ? ಅಂಗಡಿಗಳು ಕೇಳುತ್ತಿರುವ ಬೆಲೆ ಮತ್ತು 600 ಪೌಂಡ್‌ಗೆ ಹೋದ ಒಂದು ಅತ್ಯುತ್ತಮ ನಾಣ್ಯ, ಇವೆರಡನ್ನು ಮುಂದಿಟ್ಟು 'ಅದಕ್ಕಿಂತ ಅಗ್ಗ' ಎಂದು ನಂಬಿಸಿದ್ದು. ಕೇಳುವ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಓಕ್ರೆ ಎಂಬ ಉಚಿತ ತಾಣದಲ್ಲಿ ಮಾದರಿಯನ್ನು ಗುರುತಿಸಿಕೊಂಡು, ಎಸಿಸರ್ಚ್‌ನಂಥ ಹರಾಜು ದಾಖಲೆಯಲ್ಲಿ ಅದೇ ಮಾದರಿ, ಅಷ್ಟೇ ಸವೆತದ ಹತ್ತಾರು ಮಾರಾಟ ಹುಡುಕಿ. ಬೆಲೆ ನೋಡಲು ಅಲ್ಲಿ ಚಂದಾ ಕಟ್ಟಬೇಕು, ಕಟ್ಟಿ. ತೀರಾ ಹೆಚ್ಚಿನದನ್ನೂ ತೀರಾ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಹಿಡಿಯಿರಿ. ಇಲ್ಲಿ ಹಾಗೆ ಹುಡುಕಿದಾಗ ಕೂಗು ನಿಂತ ಬೆಲೆಗಳು 110ರಿಂದ 170 ಪೌಂಡ್, ನಡುವಿನದು 140. ಕೊಳ್ಳುವವರ ಶುಲ್ಕ ಶೇ. 20, ಅದರ ಮೇಲಿನ ತೆರಿಗೆ, ಅಂಚೆ ಸೇರಿ 185ರ ಸುಮಾರು. ಕಚ್ಚಿಗೆ ಕಳೆದರೆ 130. ಇದು ಅಪ್ಪಟ ಬೆಳ್ಳಿಯಾಗಿದ್ದರೆ ಮಾತ್ರ! ತಾಮ್ರ ಗರ್ಭದ್ದಾದರೆ ಕುತೂಹಲಕ್ಕೆಂದು 40 ಕೊಡುವವರಿದ್ದಾರು.

ಬ್ರಿಟನ್‌ನಲ್ಲಿ ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ಕೊಂಡ ವಸ್ತು ಕೈಸೇರಿದ 14 ದಿನದೊಳಗೆ ಖರೀದಿ ರದ್ದು ಮಾಡುವ ಹಕ್ಕು ಸಾಮಾನ್ಯವಾಗಿ ಇರುತ್ತದೆ. ಇವರು ಅವಧಿಯೊಳಗೇ ಕೇಳಿದ್ದರು. ಆದರೆ ಅಷ್ಟರಲ್ಲಿ ಹೊಳಪಿಗೆಂದು ನಿಂಬೆರಸದಲ್ಲಿ ನೆನೆಸಿ ಉಜ್ಜಿದ್ದರಿಂದ, ಕೊಟ್ಟ ಸ್ಥಿತಿಯಲ್ಲಿ ಇಲ್ಲವೆಂದು ವ್ಯಾಪಾರಿ ತಕರಾರು ತೆಗೆದು ಹಣ ತಡೆಹಿಡಿದರು. ನಾಣ್ಯ ಬಂದ ದಿನವೇ ತೂಗಿ, ಲೂಪ್‌ನಲ್ಲಿ ನೋಡಿ, ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಹದಿನಾಲ್ಕು ದಿನ ಕಳೆಯುವವರೆಗೆ ಬಟ್ಟೆಯಿಂದಲೂ ಒರೆಸಬೇಡಿ.