ಗೋಕುಲಂನ ಬೋರ್ಡಿಲ್ಲದ ಟೈಲರ್: ಹೊಲಿಗೆಗೆ ಐದು ಸ್ಟಾರ್, ತಾರೀಖಿಗೆ ಒಂದು

ಮೊದಲೇ ಹೇಳಿಬಿಡುತ್ತೇನೆ. ಬ್ಲೌಸ್ ಮೈಗೆ ಸರಿಯಾಗಿ ಕೂರಬೇಕು ಅನ್ನುವವರು ಇಲ್ಲಿಗೆ ಬನ್ನಿ, ನಾಡಿದ್ದೇ ಮದುವೆ ಇದೆ ಅನ್ನುವವರು ದಯವಿಟ್ಟು ಬೇರೆ ಕಡೆ ನೋಡಿಕೊಳ್ಳಿ. ಮೈಸೂರಿನ ಗೋಕುಲಂನಲ್ಲಿ ಕಾಂಟೂರ್ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಶಟರಿನ ಅಂಗಡಿ ಇದು. ಬೋರ್ಡ್ ಇಲ್ಲ. ಗಂಡ ಕತ್ತರಿಸುತ್ತಾರೆ, ಹೆಂಡತಿ ಅಳತೆ ತೆಗೆದುಕೊಳ್ಳುತ್ತಾರೆ, ಎರಡು ಮೆಷಿನ್, ಒಂದು ಸ್ಟೂಲ್. ಅಷ್ಟೇ.

ಇಲ್ಲಿ ಬಟ್ಟೆ ಕೊಡೋದು ನನಗೆ ಹಳೇ ಅಭ್ಯಾಸ. ಆದರೂ ಬರೆಯೋಣ ಅನ್ನಿಸಿದ್ದು ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದ ಹ್ಯಾಂಬರ್ಗಿನ ಹುಡುಗಿಯಿಂದ. ಪಟ್ಟಾಭಿ ಜೋಯಿಸರು 1948ರಲ್ಲಿ ಶುರು ಮಾಡಿದ ಯೋಗಶಾಲೆ ಮುಂದೆ ಲಕ್ಷ್ಮೀಪುರಂನಿಂದ ಗೋಕುಲಂಗೆ ಬಂತಲ್ಲ, ಅಲ್ಲಿಂದ ನಮ್ಮ ಬೀದಿಗಳಲ್ಲಿ ವಿದೇಶಿಯರು ಮಾಮೂಲು. ಅವರ ಜೊತೆಗೆ ಆನೆ ಚಿತ್ರದ ದೊಗಳೆ ಪ್ಯಾಂಟೂ ಬಂತು. ಇವಳೂ ಹೊಸದರಲ್ಲಿ ಅದನ್ನೇ ಹಾಕುತ್ತಿದ್ದಳು. ಆಮೇಲೆ ಒಂದಿನ ಕೇಳಿದಳು, "ಇಂಡಿಯನ್ ಡ್ರೆಸ್ ಅಂತ ಮಾರಿದರು, ಇಲ್ಲಿಯವರು ಒಬ್ಬರೂ ಯಾಕೆ ಹಾಕಲ್ಲ?" ಏನು ಹೇಳೋದು? ಸೀದಾ ಟೈಲರ್ ಹತ್ತಿರ ಕರೆದುಕೊಂಡು ಹೋದೆ.

ಅಷ್ಟರಲ್ಲಿ ಅವಳು ಮಾನಂದವಾಡಿ ರಸ್ತೆಯ ರೇಷ್ಮೆ ಫ್ಯಾಕ್ಟರಿಯಿಂದ ಒಂದು ಮೈಸೂರು ಸಿಲ್ಕ್ ಸೀರೆ ತಂದಿದ್ದಳು. 1912ರಿಂದ ನಡೆಯುತ್ತಿರುವ ಫ್ಯಾಕ್ಟರಿ, ಜರಿಯಲ್ಲಿ ಬೆಳ್ಳಿ ಚಿನ್ನ ಎರಡೂ ಇದೆ ಅಂತೆಲ್ಲ ಓದಿಕೊಂಡೇ ಹೋಗಿದ್ದಳು. ಆದರೆ ಅಷ್ಟು ದುಡ್ಡು ಸುರಿದ ಮೇಲೂ ಅದಕ್ಕೆ ಫಾಲ್ಸ್ ಹಾಕಿಸಬೇಕು, ಪಿಕೋ ಮಾಡಿಸಬೇಕು, ಬ್ಲೌಸ್ ಹೊಲಿಸಬೇಕು, ಬೇಕಿದ್ದರೆ ಕುಚ್ಚು ಕಟ್ಟಿಸಬೇಕು ಅಂದರೆ ನಂಬಲೇ ಇಲ್ಲ. ಅವಳ ಊರಲ್ಲಿ ಟೈಲರ್ ಅಂದರೆ ಹೆಚ್ಚಾಗಿ ಪ್ಯಾಂಟಿನ ಉದ್ದ ಕಡಿಮೆ ಮಾಡಿ ಜಿಪ್ ಹಾಕಿಕೊಡುವವರಂತೆ.

ಈ ಅಂಗಡಿಯ ಕೆಲಸ ಎಂಥದ್ದು ಅಂತ ಗೊತ್ತಾಗೋದು ಫಾಲ್ಸ್‌ನಲ್ಲಿ. ಕಾಟನ್ ಫಾಲ್ಸ್ ಅನ್ನು ರಾತ್ರಿ ನೀರಲ್ಲಿ ನೆನೆಸಿಟ್ಟು, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಹಚ್ಚುತ್ತಾರೆ. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೇ ಫಾಲ್ಸ್ ಕುಗ್ಗಿ ಸೀರೆಯ ಅಂಚು ಸುಕ್ಕುಗಟ್ಟುತ್ತದೆ. ಎಷ್ಟೋ ಕಡೆ ಪ್ಯಾಕೆಟ್ಟಿಂದ ತೆಗೆದು ಸುಮ್ನೆ ಹೊಡೆದುಬಿಡುತ್ತಾರೆ. ಇವರು ಅಂಚಿನ ಕಡೆ ಕೈಹೊಲಿಗೆಯನ್ನೇ ಹಾಕುತ್ತಾರೆ, ದಾರ ಮೇಲೆ ಕಾಣುವುದಿಲ್ಲ.

ಬ್ಲೌಸ್ ಕೈಗೆ ಬಂದಾಗ ಅವಳು ಅದನ್ನು ಒಳಹೊರಗು ಮಾಡಿ ಸುಮಾರು ಹೊತ್ತು ನೋಡಿದಳು. ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆ ಬಿಟ್ಟಿದ್ದರು, ಒಂದರ ಪಕ್ಕ ಒಂದರಂತೆ ಎರಡು ಸಾಲು ಹೊಲಿಗೆ. ದಪ್ಪ ಆದರೆ ಒಳಗಿನ ಸಾಲು ಬಿಚ್ಚಿದರಾಯಿತು. ನಾನು ನಮ್ಮಮ್ಮನ ಬ್ಲೌಸುಗಳನ್ನು ಹೀಗೇ ಬಿಚ್ಚಿಸಿಕೊಂಡು ಹಾಕುತ್ತೇನೆ ಅಂದೆ. ರೆಡಿಮೇಡ್‌ನಲ್ಲಿ ಬಟ್ಟೆಗೆ ತಕ್ಕ ಹಾಗೆ ನಾವು ಸಣ್ಣ ಆಗಬೇಕು, ಇಲ್ಲಿ ಹಾಗಲ್ಲ ಅಲ್ವಾ ಅಂದಳು. ತೋಳು ಮಾತ್ರ ಮೊದಲು ಬಿಗಿಯಾಗಿತ್ತು, ಅಲ್ಲೇ ಕೂರಿಸಿ ಸರಿಮಾಡಿಕೊಟ್ಟರು. ಅದಕ್ಕೆ ಕಾಸು ಕೇಳಲಿಲ್ಲ.

ಇನ್ನು ತಾರೀಖು. ಶುಕ್ರವಾರ ಅಂದರೆ ಯಾವ ಶುಕ್ರವಾರ ಅಂತ ಕೇಳಬೇಡಿ. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದರೆ ಫೋನೇ ಎತ್ತುವುದಿಲ್ಲ. ಅವರ ಪುಸ್ತಕದ ಹಾಳೆಗೆ ನಿಮ್ಮ ಬಟ್ಟೆಯ ಚೂರು ಕತ್ತರಿಸಿ ಪಿನ್ ಮಾಡಿ, ಪಕ್ಕದಲ್ಲಿ ತಾರೀಖನ್ನೂ ಬರೆದಿರುತ್ತಾರೆ, ಆದರೆ ಆ ತಾರೀಖನ್ನು ಯಾರೂ ಓದುವ ಹಾಗೆ ಕಾಣುವುದಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ ನಮ್ಮ ಜರ್ಮನಿಯವಳು ಅಲ್ಲಿನ ಸ್ಟೂಲಿನ ಮೇಲೇ ಅರ್ಧ ಮೈಸೂರು ನೋಡಿಬಿಟ್ಟಳು.

ಅವಳು ಕಂಡದ್ದನ್ನೆಲ್ಲ ಕೇಳಿ ನನಗೇ ನಗು. ಬೆಳಗ್ಗೆ ನೈಟಿ ಮೇಲೆ ದುಪಟ್ಟಾ ಹೊದ್ದು ಗಾಡಿಯವನ ಹತ್ತಿರ ಸೊಪ್ಪು ಚೌಕಾಸಿ ಮಾಡಿದ ಆಂಟಿಯೇ ಸಂಜೆ ರೇಷ್ಮೆ ಸೀರೆಯಲ್ಲಿ ಮಲ್ಲಿಗೆ ಮುಡಿದು ಬಂದಾಗ ಗುರುತೇ ಸಿಗಲಿಲ್ಲವಂತೆ. ಡಿಸೆಂಬರಿನಲ್ಲಿ ಜನ ಸ್ವೆಟರ್, ಮಂಕಿ ಕ್ಯಾಪ್ ಎಲ್ಲ ಹಾಕಿ ಕಾಲಿಗೆ ಮಾತ್ರ ಹವಾಯಿ ಚಪ್ಪಲಿ! ಹ್ಯಾಂಬರ್ಗಿನಲ್ಲಿ ಚಳಿ ಅಂದರೆ ಮೊದಲು ಮುಚ್ಚೋದೇ ಕಾಲು, ಇಲ್ಲಿ ಕಿವಿ. ಅಲ್ಲಿ ಜಿಟಿಜಿಟಿ ಮಳೆ ಜಾಸ್ತಿ, ಹಾಗಾಗಿ ಮಳೆ ಜಾಕೆಟ್ಟೇ ಆಫೀಸಿಗೂ ಹೋಟೆಲಿಗೂ ಆಗುತ್ತದಂತೆ, ಬಣ್ಣವೂ ಕಪ್ಪು, ಬೂದು, ಕಡುನೀಲಿ. ಮಂಡ್ಯದಲ್ಲಿ ನಮ್ಮವರ ಮದುವೆಗೆ ಕರೆದುಕೊಂಡು ಹೋಗಿದ್ದೆ. ಬಿಳಿ ಪಂಚೆಯ ಗಂಡಸರ ಹೆಗಲ ಮೇಲೆ ಹಸಿರು ಶಾಲು ನೋಡಿ, ಈ ವರ್ಷದ ಟ್ರೆಂಡಾ ಅಂದಳು. ಅದು ರೈತಸಂಘದ ಶಾಲು ಮಾರಾಯ್ತಿ, ಫ್ಯಾಷನ್ ಅಲ್ಲ ಅಂದೆ. ಒಬ್ಬ ತಾತ ಮಾತ್ರ ಮಡಿಕೆ ಸರಿಮಾಡಿಕೊಂಡು ಫೋಟೋಗೆ ನಿಂತರು.

ರೇಟು ಜಾಸ್ತಿಯೇನಿಲ್ಲ. ವಿದೇಶಿಯವಳು ಅಂತ ಅವಳಿಗೆ ಬೇರೆ ರೇಟೂ ಹೇಳಲಿಲ್ಲ. ನಮ್ಮ ಏರಿಯಾದಲ್ಲಿ ಇದು ಸಣ್ಣ ಮಾತಲ್ಲ.

ಹ್ಞಾಂ, ಇನ್ನೊಂದು. ಕುರ್ತಾ ಹೊಲಿಸುವಾಗ ಎರಡೂ ಕಡೆ ಜೇಬು ಬೇಕು ಅಂತ ಅವಳು ಹಟ ಹಿಡಿದಳು. "ಹೆಂಗಸರ ಕುರ್ತಾಗೆ ಜೇಬಾ?" ಅಂತ ಗೊಣಗುತ್ತಲೇ ಇಟ್ಟರು. ಫೋನ್ ಪೂರ್ತಿ ಹಿಡಿಯುವಷ್ಟು ಆಳದ ಜೇಬು. ಅದನ್ನು ನೋಡಿ ನಾನು ಕೇಳಿದೆ, ಪಕ್ಕದ ಮನೆಯವರು ಕೇಳಿದರು, ಈಗ ಜೇಬಿನ ಕೆಲಸವೇ ರಾಶಿ ಬಿದ್ದು ಶುಕ್ರವಾರ ಇನ್ನೂ ಮುಂದೆ ಹೋಗಿದೆ. ನೀವೂ ಹೊಲಿಸುವುದಾದರೆ ಕಾಲು ಮೀಟರ್ ಬಟ್ಟೆ ಜಾಸ್ತಿ ತಗೊಂಡು ಹೋಗಿ, ಜೇಬು ಬೇಕು ಅಂತ ಅಳತೆ ಕೊಡುವಾಗಲೇ ಹೇಳಿ, ಆಮೇಲೆ ಹೇಳಿದರೆ ಬೈಸಿಕೊಳ್ಳುತ್ತೀರಿ.